ಹೆಲ್ಮೆಟ್ ತೆಗೆದರೆ ನಾಯಕ, ತೆಗೆಯದಿದ್ದರೆ ನಷ್ಟ

ಬ್ರಿಟಿಷ್ ಕಾಮಿಕ್ಸಿನ ಹೆಲ್ಮೆಟ್‌ಧಾರಿ ಪೊಲೀಸ್-ನ್ಯಾಯಾಧೀಶ ಜಡ್ಜ್ ಡ್ರೆಡ್ ಮೂರನೆಯ ಸಲ ತೆರೆಗೆ ಬರುತ್ತಾನಂತೆ. ನ್ಯೂಜಿಲೆಂಡಿನ ಟೈಕಾ ವೈಟೀಟಿ ನಿರ್ದೇಶಿಸಲಿದ್ದಾರೆ, ಡ್ರೂ ಪಿಯರ್ಸ್ ಚಿತ್ರಕಥೆ ಬರೆಯಲಿದ್ದಾರೆ ಎಂಬ ಸುದ್ದಿ 2025ರ ಜುಲೈನಲ್ಲಿ ಬಂದದ್ದೇ ತಡ, ಕಾಮಿಕ್ಸ್ ಓದಿದವರು, ಓದದವರು, ಓದಿದ್ದೇವೆಂದು ಹೇಳಿಕೊಳ್ಳುವವರು ಎಲ್ಲರೂ ಒಟ್ಟಾಗಿ ಚರ್ಚೆಗೆ ಕುಳಿತರು. ಕಥೆ ಯಾವುದು, ಆ ಕಥೆಯನ್ನು ಈಗ ಏಕೆ ಹೇಳಬೇಕು ಎಂಬ ಕ್ಷುಲ್ಲಕ ಪ್ರಶ್ನೆಗಳಿಗೆ ಅಲ್ಲಿ ಅವಕಾಶವಿರಲಿಲ್ಲ. ಈ ಸಲ ಅವನು ಹೆಲ್ಮೆಟ್ ತೆಗೆಯುತ್ತಾನೋ ಇಲ್ಲವೋ ಎಂಬುದೇ ಏಕೈಕ ಕಾರ್ಯಸೂಚಿ. ಬೆಂಗಳೂರಿನ ಸಂಚಾರ ಪೊಲೀಸರು ಕೂಡ ಹೆಲ್ಮೆಟ್ಟಿನ ಬಗ್ಗೆ ಇಷ್ಟೊಂದು ಶ್ರದ್ಧೆಯಿಂದ ವಿಚಾರಿಸಿದ್ದನ್ನು ನಾನು ಕಂಡಿಲ್ಲ.

ನಮ್ಮ ಊರಿನಲ್ಲಿ ಹೆಲ್ಮೆಟ್ಟಿಗೆ ಮೊಣಕೈ, ಪೆಟ್ರೋಲ್ ಟ್ಯಾಂಕು, ಬೈಕಿನ ಕನ್ನಡಿ ಮುಂತಾದ ಹಲವು ವಾಸಸ್ಥಾನಗಳಿವೆ; ಸಿಗ್ನಲ್ಲಿನ ಬಳಿ ಬಿಳಿ ಅಂಗಿ ಕಂಡಾಗ ಮಾತ್ರ ಅದು ತಲೆಗೇರುತ್ತದೆ, ಬಿಳಿ ಅಂಗಿ ಮರೆಯಾದೊಡನೆ ಮತ್ತೆ ಮೊಣಕೈಗೆ ಇಳಿಯುತ್ತದೆ. ಇಂಥ ಊರಿನಲ್ಲಿ ಕುಳಿತು ನೋಡುವವನಿಗೆ, 1977ರಿಂದ ಇಲ್ಲಿಯವರೆಗೆ ಓದುಗರಿಗೆ ಪೂರ್ತಿ ಮುಖವನ್ನೇ ತೋರಿಸದೆ, ಶಿರಸ್ತ್ರಾಣಧಾರಿಯಾಗಿಯೇ ಬೈಕು ಓಡಿಸುತ್ತ ಬಂದಿರುವ ಡ್ರೆಡ್‌ನ ಮೇಲೆ ಗೌರವ ಮೂಡುವುದು ಸಹಜ. ಆದರೆ ಅವನು ಹೆಲ್ಮೆಟ್ ಹಾಕಿಕೊಂಡಿರುವುದು ತಲೆಯ ರಕ್ಷಣೆಗಾಗಿ ಮಾತ್ರವಲ್ಲ ಎಂಬುದನ್ನು ಹಾಲಿವುಡ್ಡಿಗೆ ತಿಳಿಸಿ ಹೇಳುವವರು ಯಾರೂ ಇದ್ದಂತಿಲ್ಲ.

1977ರ ಮಾರ್ಚ್‌ನಲ್ಲಿ, ‘2000 ಎಡಿ’ ಎಂಬ ಬ್ರಿಟಿಷ್ ವಾರಪತ್ರಿಕೆಯ ಎರಡನೆಯ ಸಂಚಿಕೆಯಲ್ಲಿ ಡ್ರೆಡ್ ಮೊದಲು ಕಾಣಿಸಿಕೊಂಡ. ಅವನನ್ನು ರೂಪಿಸಿದವರು ಜಾನ್ ವ್ಯಾಗ್ನರ್. ಚಿತ್ರಿಸಿದವರು ಫ್ರಾಂಕೋನ ಸರ್ವಾಧಿಕಾರದಲ್ಲಿ ಬೆಳೆದ ಸ್ಪೇನಿನ ಕಲಾವಿದ ಕಾರ್ಲೋಸ್ ಎಸ್ಕೆರ್ರಾ. ಡ್ರೆಡ್‌ನ ಭುಜದ ಮೇಲೆ ಕುಳಿತಿರುವ ಹದ್ದು ಆ ಸರ್ವಾಧಿಕಾರದ ನೆನಪಿನಿಂದ ಬಂದದ್ದು, ಅಲಂಕಾರಕ್ಕಾಗಿ ಹಾರಿ ಬಂದದ್ದಲ್ಲ. ಅಣುಯುದ್ಧದ ಬಳಿಕ ಅಮೆರಿಕದ ಪೂರ್ವ ಕರಾವಳಿಯಲ್ಲಿ ಉಳಿದಿರುವ ಮೆಗಾ ಸಿಟಿ ಒನ್ ಎಂಬ ನಗರದಲ್ಲಿ ಹಿಡಿಯುವವನೂ ಅವನೇ, ವಿಚಾರಿಸುವವನೂ ಅವನೇ, ತೀರ್ಪು ಕೊಡುವವನೂ ಅವನೇ, ಗುಂಡು ಹೊಡೆಯುವವನೂ ಅವನೇ. ಅಲ್ಲಿ ವಾಯಿದೆ ಕೇಳುವ ವಕೀಲರಿಲ್ಲ, ನಕಲು ಪ್ರತಿಗಾಗಿ ಅಲೆಸುವ ಗುಮಾಸ್ತರಿಲ್ಲ, ಛಾಪಾ ಕಾಗದವಿಲ್ಲ. ಜಮೀನಿನ ವ್ಯಾಜ್ಯವೊಂದನ್ನು ಅಜ್ಜನಿಂದ ಆಸ್ತಿಯಂತೆ ಪಡೆದುಕೊಂಡ ನನ್ನಂಥವರಿಗೆ ಓದುತ್ತ ಓದುತ್ತ ಬಾಯಲ್ಲಿ ನೀರೂರುತ್ತದೆ. ವ್ಯಾಗ್ನರ್ ಹೂಡಿರುವ ಬೋನು ಇರುವುದೇ ಅಲ್ಲಿ. ಬಾಯಲ್ಲಿ ನೀರೂರಿದ ಮರುಪುಟದಲ್ಲೇ, ಸಕ್ಕರೆ ಇಟ್ಟುಕೊಂಡವನನ್ನು ಡ್ರೆಡ್ ಜೈಲಿಗೆ ಎಳೆದೊಯ್ಯುತ್ತಾನೆ. ಆ ನಗರದಲ್ಲಿ ಸಕ್ಕರೆ ನಿಷಿದ್ಧ ವಸ್ತು. ಯಂತ್ರಗಳೇ ಎಲ್ಲ ಕೆಲಸ ಮಾಡುವುದರಿಂದ ಉದ್ಯೋಗವಿಲ್ಲದ ಕೋಟಿಗಟ್ಟಲೆ ಜನ ಬೇಸರ ಕಳೆಯಲು ಹೊಟ್ಟೆಯ ಕೆಳಗೆ ಚಕ್ರ ಕಟ್ಟಿಸಿಕೊಳ್ಳುವಷ್ಟು ತಿಂದು ಸ್ಪರ್ಧೆಗಿಳಿಯುತ್ತಾರೆ, ದುಡ್ಡು ಕೊಟ್ಟು ಕುರೂಪಿಗಳಾಗುತ್ತಾರೆ. ಅವರೆಲ್ಲರ ನಡುವೆ ಒಮ್ಮೆಯೂ ನಗದೆ ಶಿಕ್ಷೆಯ ವರ್ಷಗಳನ್ನು ಎಣಿಸಿ ಹೇಳುತ್ತ ಸಾಗುವ ಈ ಮನುಷ್ಯನಿಗೆ ಮುಖವಿಲ್ಲ. ಮುಖವಿದ್ದರೆ ಅಲ್ಲಿ ಅಯ್ಯೋ ಎನ್ನಬಹುದು, ಕೈಮುಗಿದು ಬೇಡಿಕೊಳ್ಳಬಹುದು. ಕಾನೂನನ್ನು ಬೇಡಿಕೊಳ್ಳುವಂತಿಲ್ಲ ಎಂಬುದೇ ಆ ಹೆಲ್ಮೆಟ್ಟು.

ಈಗ 1995ಕ್ಕೆ ಬರೋಣ. ಸುಮಾರು 9 ಕೋಟಿ ಡಾಲರ್ ವೆಚ್ಚದಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಡ್ರೆಡ್ ಆದರು. ಸಮವಸ್ತ್ರವನ್ನು ಇಟಲಿಯ ಜಿಯಾನಿ ವೆರ್ಸಾಚೆ ವಿನ್ಯಾಸಗೊಳಿಸಿದರು. ಸರ್ವಾಧಿಕಾರದ ವಿಡಂಬನೆಗೆ ಉನ್ನತ ದರ್ಜೆಯ ದರ್ಜಿಯೇ ಬೇಕು ಎಂಬ ಈ ತಿಳಿವಳಿಕೆಯನ್ನು ಮೆಚ್ಚದೆ ಇರಲಾಗದು. ಬಂಗಾರದ ಭುಜಕೀರ್ತಿಗಳಿಂದ ಬೆಳಗುತ್ತಿದ್ದ ಆ ವೇಷ ನಮ್ಮ ಕಂಪನಿ ನಾಟಕಗಳ ದುರ್ಯೋಧನನಿಗೂ ಕೀಳರಿಮೆ ಹುಟ್ಟಿಸುವಂತಿತ್ತು. ಅನಂತರ, ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ, ಸ್ಟಲೋನ್ ಹೆಲ್ಮೆಟ್ ತೆಗೆದಿಟ್ಟರು. ತೆಗೆಯದೆ ಏನು ಮಾಡುವುದು? ಮುಖಕ್ಕೆ ಕೋಟಿ ಕೋಟಿ ಡಾಲರ್ ಸಂದಿರುವಾಗ ಗಲ್ಲವನ್ನಷ್ಟೇ ತೋರಿಸಿದರೆ ಲೆಕ್ಕ ಪರಿಶೋಧಕರು ಸುಮ್ಮನಿರುತ್ತಾರೆಯೇ? ಮುಖ ಬಂದ ಮೇಲೆ ಮುಖದ ಪರಿವಾರವೂ ಬರಲೇಬೇಕು. ನಿರಪರಾಧಿಯಾದ ನಾಯಕನ ಮೇಲೆ ಕೊಲೆಯ ಆರೋಪ ಬಂತು, ಕೆಟ್ಟ ಸಹೋದರನೊಬ್ಬ ಬಂದ, ನಗಿಸುವುದಕ್ಕೆಂದು ರಾಬ್ ಶ್ನೈಡರ್ ಎಂಬ ಹಾಸ್ಯನಟ ಬಂದರು, ಕೊನೆಯಲ್ಲಿ ಒಂದು ಮುತ್ತೂ ಬಂತು. ಕಾಮಿಕ್ಸಿನಲ್ಲಿ ಇಡೀ ನಗರವೇ ನಗೆಪಾಟಲಾಗಿ ಡ್ರೆಡ್ ಒಬ್ಬನೇ ಬಿಗಿದುಕೊಂಡಿರುತ್ತಿದ್ದ. ಸಿನಿಮಾದಲ್ಲಿ ನಗೆಯ ಗುತ್ತಿಗೆಯನ್ನು ಒಬ್ಬನಿಗೆ ವಹಿಸಿಕೊಟ್ಟು ಉಳಿದವರೆಲ್ಲ ಗಂಭೀರವಾಗಿ ಕೆಲಸಕ್ಕೆ ಹೋದರು. ಅಮೆರಿಕದಲ್ಲಿ ಗಳಿಕೆ ಮೂರೂವರೆ ಕೋಟಿ ಡಾಲರಿನ ಆಸುಪಾಸಿಗೇ ನಿಂತಿತು. ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಾಣುವವರನ್ನು ಕಂಡಿದ್ದೇವೆ. ಇವರು ಉಪ್ಪರಿಗೆಯನ್ನೇ ಕೊಂಡು ಅದರಲ್ಲಿ ತಿಪ್ಪೆ ಮಾಡಿದರು.

ಈ ಮುಖದ ಚಪಲದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷವನ್ನು ನೋಡಿದ್ದೀರಲ್ಲ? ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು, ಅಕ್ಕಿಹಿಟ್ಟು ಮತ್ತು ಸುಣ್ಣದ ಚುಟ್ಟಿಯನ್ನು ಒಂದೊಂದೇ ಮುಳ್ಳಾಗಿ ಮುಖಕ್ಕೆ ಇಟ್ಟುಕೊಂಡು, ನಡುರಾತ್ರಿಯಲ್ಲಿ ತೆರೆಯ ಹಿಂದಿನಿಂದ ಆರ್ಭಟಿಸಿ ಬರುವ ಆ ಕಲಾವಿದನನ್ನು ಹಗಲಿನಲ್ಲಿ ಹೋಟೆಲಿನಲ್ಲಿ ಕಂಡರೆ ಅರ್ಧ ಊರಿಗೆ ಗುರುತು ಸಿಗುವುದಿಲ್ಲ. ಹಾಗೆಂದು ಯಾವ ಮೇಳದ ಯಜಮಾನನೂ, ರಾವಣನಿಗೆ ಸಂಬಳ ಹೆಚ್ಚಾಗಿರುವುದರಿಂದ ಅವನು ರಂಗಸ್ಥಳದಲ್ಲೇ ಬಣ್ಣ ತೊಳೆದುಕೊಂಡು ಮುಖ ತೋರಿಸಬೇಕೆಂದು ಹೇಳಿದ್ದನ್ನು ನಾನು ಕೇಳಿಲ್ಲ. ವೇಷವೇ ಪಾತ್ರ ಎಂಬುದು ಎಣ್ಣೆ ದೀಪದ ಕಾಲದಲ್ಲೇ ಗೊತ್ತಿತ್ತು. ಕೋಟಿ ಡಾಲರಿನ ದೀಪಗಳನ್ನು ಹಚ್ಚಿದ ಮೇಲೆ ಅದು ಕಾಣಿಸದೆ ಹೋಯಿತು.

2012ರ ಡ್ರೆಡ್‌ಗೆ ಈ ಪಾಠ ಗೊತ್ತಿತ್ತು. ಅಲೆಕ್ಸ್ ಗಾರ್ಲೆಂಡ್ ಬರೆದು ಪೀಟ್ ಟ್ರಾವಿಸ್ ನಿರ್ದೇಶಿಸಿದ ಆ ಚಿತ್ರವನ್ನು ದಕ್ಷಿಣ ಆಫ್ರಿಕಾದಲ್ಲಿ, ಹಿಂದಿನದರ ಅರ್ಧಕ್ಕಿಂತ ಹೆಚ್ಚಿಲ್ಲದ ಖರ್ಚಿನಲ್ಲಿ ತೆಗೆದರು. ಕಾರ್ಲ್ ಅರ್ಬನ್ ಇಡೀ ಸಿನಿಮಾವನ್ನು ಗಲ್ಲ, ತುಟಿ ಮತ್ತು ಧ್ವನಿಯಲ್ಲಿ ಅಭಿನಯಿಸಿ ಮುಗಿಸಿದರು. ಇನ್ನೂರು ಮಹಡಿಯ ಒಂದು ಕಟ್ಟಡ, ಒಳಗೆ ಸಿಕ್ಕಿಬಿದ್ದ ಡ್ರೆಡ್ ಮತ್ತು ಇನ್ನೊಬ್ಬ ಜಡ್ಜ್, ಮೇಲೆ ಮಾದಕವಸ್ತು ತಯಾರಿಸುವ ಒಬ್ಬ ಹೆಂಗಸು, ಕಥೆ ಇಷ್ಟೇ. ಅಭಿಮಾನಿಗಳು ಆನಂದಬಾಷ್ಪ ಸುರಿಸಿದರು. ಸುರಿಸಿದರೇ ಹೊರತು, ಆ ಬಾಷ್ಪವನ್ನು ಚಿತ್ರಮಂದಿರಕ್ಕೆ ಹೋಗಿ, ಟಿಕೆಟ್ ಕೊಂಡು ಸುರಿಸಲಿಲ್ಲ. ಜಗತ್ತಿನಾದ್ಯಂತ ಗಳಿಕೆ ಸುಮಾರು 4 ಕೋಟಿ ಡಾಲರ್ ಆಯಿತು, ಎರಡನೆಯ ಭಾಗದ ಆಸೆ ಅಲ್ಲಿಗೆ ಮುಗಿಯಿತು. ಆಮೇಲೆ ಡಿವಿಡಿ ಕೊಂಡು, ಮುಂದಿನ ಭಾಗ ಬೇಕೆಂದು ಮನವಿಪತ್ರಕ್ಕೆ ಸಹಿ ಹಾಕಿ, ಹದಿಮೂರು ವರ್ಷ ನಿಟ್ಟುಸಿರು ಬಿಟ್ಟವರೂ ಅವರೇ. ಮದುವೆ ಮನೆಗೆ ಹೋಗದೆ, ಊಟ ಚೆನ್ನಾಗಿತ್ತಂತೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ನೆಂಟರು ಇವರು.

ಆದರೂ ಒಂದು ಮಾತನ್ನು ಅಭಿಮಾನಿಗಳ ಕೋಪಕ್ಕೆ ಹೆದರದೆ ಹೇಳಬೇಕಾಗಿದೆ. ಹೆಲ್ಮೆಟ್ ಉಳಿಸಿಕೊಂಡ ಆ ಚಿತ್ರ ನಗೆಯನ್ನು ಹೆಚ್ಚುಕಡಿಮೆ ಬಿಟ್ಟುಕೊಟ್ಟಿತು. ಅಲ್ಲಿ ಸಕ್ಕರೆಯ ಕಳ್ಳಸಾಗಣೆಯಿಲ್ಲ, ಕುರೂಪದ ಅಂಗಡಿಯಿಲ್ಲ, ಹೊಟ್ಟೆಗೆ ಚಕ್ರ ಕಟ್ಟಿಕೊಂಡವರಿಲ್ಲ. ಗುಂಡು ತಗುಲಿದ ಕೆನ್ನೆಯಿಂದ ರಕ್ತ ನಿಧಾನವಾಗಿ, ಸುಂದರವಾಗಿ ಹನಿಹನಿಯಾಗಿ ತೇಲುವುದನ್ನು ಮೂರು ಆಯಾಮದಲ್ಲಿ ನೋಡುತ್ತ, ಕೊನೆಗೆ ಅಪರಾಧಿಯನ್ನು ತುತ್ತತುದಿಯ ಮಹಡಿಯಿಂದ ಕೆಳಗೆ ದೂಡಿದಾಗ ನಾನೂ ‘ಭಲೆ’ ಎಂದುಕೊಂಡೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಕಾಮಿಕ್ಸ್ ಓದುವಾಗ ಇಂಥ ‘ಭಲೆ’ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ನಗೆಗೆ ಬೆಲೆ ತೆರಬೇಕಾಗುತ್ತದೆ ಎಂಬುದು ‘2000 ಎಡಿ’ ಪತ್ರಿಕೆಗೆ ಚೆನ್ನಾಗಿ ಗೊತ್ತಿತ್ತು. 1978ರಲ್ಲಿ, ಬರ್ಗರ್ ಮಾರುವ ಎರಡು ದೈತ್ಯ ಕಂಪನಿಗಳ ಪರವಾಗಿ ಊರುಗಳು ಪರಸ್ಪರ ಯುದ್ಧ ಮಾಡುವ ಕಂತುಗಳನ್ನು ಅದು ಪ್ರಕಟಿಸಿತು. ಡಬ್ಬಿ ತರಕಾರಿಯ ಇನ್ನೊಂದು ಕಂಪನಿಯ ಹಸಿರು ದೈತ್ಯನನ್ನೂ ಎಳೆದು ತಂದಿತು, ಅದಕ್ಕಾಗಿ ತಪ್ಪೊಪ್ಪಿಗೆಯ ಚಿತ್ರವನ್ನೂ ಪ್ರಕಟಿಸಬೇಕಾಯಿತು. ಕಾನೂನಿನ ಭಯದಿಂದ ಆ ಕಂತುಗಳು ಮರುಮುದ್ರಣಗಳಿಂದ ದಶಕಗಳ ಕಾಲ ಹೊರಗುಳಿದವು. 2014ರಲ್ಲಿ ಬ್ರಿಟನ್ನಿನ ಕಾನೂನು ಅಣಕಕ್ಕೆ ಒಂದಿಷ್ಟು ಜಾಗ ಬಿಟ್ಟುಕೊಟ್ಟ ಮೇಲೆಯೇ ಪೂರ್ತಿ ಪುಸ್ತಕ ಹೊರಬಂದದ್ದು. ತಾನೇ ಕಾನೂನೆಂದು ಗರ್ಜಿಸುವ ಮನುಷ್ಯನಿಗೆ ಮೂವತ್ತೈದು ವರ್ಷಕ್ಕೂ ಮಿಕ್ಕಿ ಬಾಯಿ ಕಟ್ಟಿದ್ದು ವಕೀಲರ ಭಯ.

ಇದೇ ಬೀದಿಯ ಇನ್ನೊಂದು ಮನೆ ಪನಿಷರ್‌ನದು. 1974ರಲ್ಲಿ ಸ್ಪೈಡರ್‌ಮ್ಯಾನ್ ಕಾಮಿಕ್ಸಿನೊಳಗೆ ಹುಟ್ಟಿದ, ಎದೆಯ ಮೇಲೆ ದೊಡ್ಡ ತಲೆಬುರುಡೆ ಧರಿಸಿ ಕಂಡಕಂಡ ಪಾತಕಿಗಳನ್ನು ಕೊಲ್ಲುವ ಮನುಷ್ಯ ಅವನು. 1989ರಲ್ಲಿ ಡಾಲ್ಫ್ ಲುಂಡ್‌ಗ್ರೆನ್ ಅವನಾದಾಗ ಅಂಗಿಯ ಮೇಲೆ ಆ ಬುರುಡೆಯೇ ಇರಲಿಲ್ಲ. ಜನಿವಾರ ಮರೆತು ಪುರೋಹಿತರನ್ನು ಪೂಜೆಗೆ ಕೂರಿಸಿದಂತಾಯಿತು. ಸಿನಿಮಾದವರು ಬಿಟ್ಟ ಬುರುಡೆಯನ್ನು ಮುಂದೆ ಅಮೆರಿಕದ ಪೊಲೀಸರಲ್ಲಿ ಕೆಲವರು ಹೆಕ್ಕಿಕೊಂಡು ತಮ್ಮ ಸಮವಸ್ತ್ರಕ್ಕೆ, ವಾಹನಗಳಿಗೆ ಅಂಟಿಸಿಕೊಂಡರು. ನ್ಯಾಯವ್ಯವಸ್ಥೆ ಸೋತುಹೋದದ್ದರ ಗುರುತು ಇದು, ಪೊಲೀಸರು ಇದನ್ನು ಧರಿಸುವುದು ತಪ್ಪು ಎಂದು ಪಾತ್ರದ ಸೃಷ್ಟಿಕರ್ತರಲ್ಲೊಬ್ಬರಾದ ಜೆರ್ರಿ ಕಾನ್ವೇ ಮತ್ತೆ ಮತ್ತೆ ಹೇಳಿದರು. ಕೇಳಬೇಕಾದವರು ಕೇಳಲಿಲ್ಲ. ಕೊನೆಗೆ 2022ರಲ್ಲಿ ಮಾರ್ವೆಲ್ ಕಂಪನಿಯು ಕಾಮಿಕ್ಸಿನಲ್ಲಿ ಪನಿಷರ್‌ನ ಬುರುಡೆಯನ್ನೇ ಬದಲಾಯಿಸಿತು. ಕಳ್ಳರು ಬೀಗ ಬಿಚ್ಚುವುದನ್ನು ಕಲಿತರೆಂದು ಮನೆಯವರು ಬಾಗಿಲು ಬದಲಾಯಿಸುವುದುಂಟು. ಇಲ್ಲಿ ಬದಲಾಯಿಸಬೇಕಾಗಿ ಬಂದದ್ದು ಪೊಲೀಸರ ದೆಸೆಯಿಂದ.

ಇಲ್ಲಿಯವರೆಗೆ ನಗುತ್ತ ಬಂದೆ. ಅಮೆರಿಕದವರಿಗೆ ವಿಡಂಬನೆ ಅರ್ಥವಾಗುವುದಿಲ್ಲ ಎಂದು ಇನ್ನೂ ಎರಡು ಪುಟ ನಗಬಹುದಿತ್ತು. ಆದರೆ 2019ರ ಡಿಸೆಂಬರ್ 6 ನೆನಪಿದೆ. ಹೈದರಾಬಾದಿನ ಹೊರವಲಯದಲ್ಲಿ, ಪಶುವೈದ್ಯೆಯೊಬ್ಬರ ಮೇಲಿನ ಅತ್ಯಾಚಾರ ಮತ್ತು ಕೊಲೆಯ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಬೆಳಕು ಹರಿಯುವ ಹೊತ್ತಿಗೆ ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂವಿನ ಪಕಳೆ ಸುರಿದರು. ಕಾರ್ಯಾಚರಣೆಯ ಮುಖ್ಯಸ್ಥರು ಹುಬ್ಬಳ್ಳಿಯವರು ಎಂದು ನಮ್ಮ ಸುದ್ದಿವಾಹಿನಿಗಳು ಹೆಮ್ಮೆಯಿಂದ ಬೀಗಿದವು. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗವು 2022ರಲ್ಲಿ, ಪೊಲೀಸರು ಹೇಳಿದ್ದು ನಂಬತಕ್ಕದ್ದಲ್ಲ, ಆರೋಪಿಗಳನ್ನು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಸಿನವರು ಎಂದು ಹೇಳಿತು. ಆ ವರದಿಗೆ ಯಾರೂ ಹೂವು ಸುರಿಯಲಿಲ್ಲ. ಹೆಚ್ಚಿನವರು ಅದನ್ನು ಓದಲೂ ಇಲ್ಲ. ಆ ಹೆಣ್ಣುಮಗಳಿಗೆ ನ್ಯಾಯಾಲಯದಿಂದ ದೊರೆಯಬೇಕಾಗಿದ್ದ ಉತ್ತರ ಎಂದೆಂದಿಗೂ ದೊರೆಯದಂತಾಯಿತು. ಅವತ್ತು ಪಕಳೆ ಸುರಿದವರ ಬಗ್ಗೆ ವ್ಯಂಗ್ಯವಾಡಲು ನನಗೆ ಶಕ್ತಿಯಿಲ್ಲ. ನ್ಯಾಯಾಲಯಕ್ಕೆ ಅಲೆದಲೆದು ಚಪ್ಪಲಿ ಸವೆದವರೂ ಅವರಲ್ಲಿ ಇದ್ದಿರಬಹುದು. ದಣಿವಾಗುತ್ತದೆ, ಅಷ್ಟೇ.

ಹಾಗಾಗಿ ಹೊಸ ಸಿನಿಮಾದ ಬಗ್ಗೆ ನನ್ನದೊಂದು ವಿನಮ್ರ ಅರ್ಜಿಯಿದೆ. ಡ್ರೆಡ್‌ನ ಕಥೆಗಳಲ್ಲಿ 1991ರಲ್ಲಿ ಬಂದದ್ದೊಂದನ್ನು ಯಾವ ನಿರ್ಮಾಪಕರೂ ಕೈಯಲ್ಲಿ ಹಿಡಿದಂತಿಲ್ಲ. ನಗರದಲ್ಲಿ ಪ್ರಜಾಪ್ರಭುತ್ವ ಬೇಕೆಂದು ಚಳವಳಿ ನಡೆದಿರುತ್ತದೆ. ಸಂದೇಹಕ್ಕೊಳಗಾದ ಡ್ರೆಡ್, ಜನರನ್ನೇ ಕೇಳೋಣ ಎಂದು ಹಟ ಹಿಡಿದು ಜನಮತಗಣನೆ ಮಾಡಿಸುತ್ತಾನೆ. ಬಹಳಷ್ಟು ಜನ ಮತಗಟ್ಟೆಯ ಕಡೆಗೆ ತಲೆಯೇ ಹಾಕುವುದಿಲ್ಲ. ಹಾಕಿದವರಲ್ಲಿ ಹೆಚ್ಚಿನವರು ಜಡ್ಜ್‌ಗಳ ಆಳ್ವಿಕೆಯೇ ಇರಲಿ ಎನ್ನುತ್ತಾರೆ. ಈ ಕಥೆಯನ್ನು ಸಿನಿಮಾ ಮಾಡುವುದಾದರೆ ಇನ್ನೂರು ಮಹಡಿಯ ಕಟ್ಟಡ ಬೇಕಾಗಿಲ್ಲ, ಮೂರು ಆಯಾಮದ ರಕ್ತವೂ ಬೇಕಾಗಿಲ್ಲ. ಒಂದು ಶಾಲೆಯ ಕೊಠಡಿ, ಒಂದು ಮತಪೆಟ್ಟಿಗೆ, ಆಕಳಿಸುತ್ತ ಕುಳಿತ ಇಬ್ಬರು ಮತಗಟ್ಟೆ ಸಿಬ್ಬಂದಿ ಸಾಕು. ವೈಟೀಟಿಯವರು ಅಷ್ಟನ್ನು ಮಾಡಿಕೊಡುವುದಾದರೆ, ಡ್ರೆಡ್‌ನ ಹೆಲ್ಮೆಟ್ ತೆಗೆಸಿ, ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು ಬಾಚಿ ತೋರಿಸಿದರೂ ನನ್ನದೇನೂ ತಕರಾರಿಲ್ಲ.