ಕನ್ನಡಕ ನಿನ್ನದು, ಮುಖ ನಮ್ಮದು

ಬೆಳಗ್ಗೆಯಿಂದ ತಲೆ ಬಿಸಿಯಾಗಿದೆ. ಉದ್ದ ಆದರೆ ಬೈದುಕೊಳ್ಳಬೇಡಿ, ಈ ಬಿಸಿಲಿಗೆ ದಾವಣಗೆರೆಯ ಮಂಡಿಪೇಟೆ ಕಡೆ ಒಬ್ಬ ಗಿರಾಕಿಯೂ ಸುಳಿಯುತ್ತಿಲ್ಲ, ಬರೆದೇ ಬಿಡುತ್ತೇನೆ.

ಮೊನ್ನೆ ಒಬ್ಬ ಕಾಲೇಜು ಹುಡುಗ ಅವನ ಅಜ್ಜಿಯನ್ನು ನನ್ನ ಕನ್ನಡಕದ ಅಂಗಡಿಗೆ ಕರೆದುಕೊಂಡು ಬಂದಿದ್ದ. ಅಜ್ಜಿಗೆ ಪೊರೆ ಆಪರೇಷನ್ ಆಗಿತ್ತು, ಕನ್ನಡಕದ ನಂಬರ್ ನೋಡಬೇಕಿತ್ತು. ಓದು ಬರಲ್ಲ, ಅದಕ್ಕೆ ಇಂಗ್ಲಿಷ್ ಇ ಅಕ್ಷರವನ್ನು ಬೇರೆ ಬೇರೆ ಕಡೆ ತಿರುಗಿಸಿ ಬರೆದ ಚಾರ್ಟ್ ಹಾಕಿದೆ. ಆ ಅಕ್ಷರದ ಕಡ್ಡಿ ಯಾವ ಕಡೆ ಇದೆ ಅಂತ ಬೆರಳಲ್ಲಿ ತೋರಿಸುವುದು, ಗೊತ್ತಲ್ಲ. ದೊಡ್ಡ ಸಾಲುಗಳನ್ನು ಸರಿಯಾಗಿ ತೋರಿಸಿದರು. ಸಣ್ಣದು ಬಂದಾಗ ತಡವರಿಸಿ, ಸೆರಗು ಬಾಯಿಗೆ ಹಿಡಿದು, "ಕಾಣವಲ್ದಪ್ಪ, ತಪ್ಪಾದ್ರೆ ಬೈಬ್ಯಾಡ" ಅಂದರು. ನಾನು ನಕ್ಕು, ಲೆನ್ಸ್ ಬದಲಿಸಿ ಮುಂದುವರಿಸಿದೆ. ಇವತ್ತು ಬೆಳಗ್ಗೆ ನೋಡಿದರೆ ಆ ಮಾತು, ಆ ಸೆರಗು, ಪಕ್ಕದಲ್ಲಿ ನನ್ನ ಬೊಕ್ಕ ತಲೆ, ಎಲ್ಲಾ ರೀಲ್ಸ್‌ನಲ್ಲಿ! ಕೆಳಗೆ ನಗುವ ಇಮೋಜಿಗಳ ಜಾತ್ರೆ.

ಹುಡುಗನ ಕೈಯಲ್ಲಿ ಮೊಬೈಲ್ ಇರಲೇ ಇಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ತುಂಬಾ ಸಭ್ಯನಾಗಿ ಕೂತಿದ್ದ. ಕಣ್ಣಿಗೆ ಮಾತ್ರ ದಪ್ಪ ಕಡ್ಡಿಯ ಕರಿ ಕನ್ನಡಕ, ಕ್ಯಾಮರಾ ಅದರೊಳಗೇ ಇತ್ತು.

ಫೋನ್ ಮಾಡಿ ಕೇಳಿದೆ. "ಅಜ್ಜಿ ಕ್ಯೂಟಾಗಿ ಕಾಣ್ತಿತ್ತು ಅಂಕಲ್, ಅದಕ್ಕೆ" ಅಂದ. ಅಜ್ಜಿನ ಕೇಳಿದ್ಯೇನಪ್ಪ ಅಂದರೆ, "ಅಜ್ಜಿಗೆ ಇದೆಲ್ಲ ಏನ್ ಗೊತ್ತಾಗುತ್ತೆ ಅಂಕಲ್?"

ಅದೇ ನನ್ನ ಸಂಕಟ. ಗೊತ್ತಾಗಲ್ಲ ಅಂತ ಕೇಳಲೇ ಇಲ್ಲ.

2025ರ ಮೇ ತಿಂಗಳಲ್ಲಿ ರೇಬಾನ್ ಮೆಟಾ ಅನ್ನುವ ಇಂಥ ಕನ್ನಡಕ 29,900 ರೂಪಾಯಿಯಿಂದ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂತು. ಆವತ್ತಿಂದ ಅಂಗಡಿಗೆ ಬರುವ ಹುಡುಗರು ಕೇಳುವುದು ಒಂದೇ: "ಅಣ್ಣ, ಕ್ಯಾಮರಾದ್ದು ಇದೆಯಾ?" 12 ಮೆಗಾಪಿಕ್ಸೆಲ್ ಅಂತಾರೆ, ಸ್ಪೀಕರ್ ಅಂತಾರೆ, ಎಐ ಜೊತೆ ಮಾತಾಡಬಹುದು ಅಂತಾರೆ. ಲೆನ್ಸ್ ಬಗ್ಗೆ ಒಬ್ಬನೂ ಕೇಳಲ್ಲ. ಮೈನಸ್ ಏಳು ಪವರ್ ಇರುವ ಒಬ್ಬ ಹುಡುಗ ಬುಕ್ ಮಾಡಲು ಹೊರಟಿದ್ದ, ಕಂಪನಿಯವರೇ ಮೈನಸ್ ಆರರವರೆಗೆ ಅಂತ ಹೇಳಿದ್ದಾರೆ ಕಣೋ ಅಂದರೆ ಮುಖ ಸಣ್ಣ ಮಾಡಿಕೊಂಡು ಹೋದ. ಇನ್ನು ರಿಪೇರಿ. ಮಾಮೂಲಿ ಫ್ರೇಮ್ ಕಿವಿ ಹಿಂದೆ ಸಡಿಲ ಆದರೆ ಹೀಟರ್‌ನಲ್ಲಿ ಬಿಸಿ ಮಾಡಿ ಕಡ್ಡಿ ಬಗ್ಗಿಸಿ ಕೊಡುತ್ತೇನೆ. ಇದರ ಕಡ್ಡಿಯೊಳಗೆ ಬ್ಯಾಟರಿ, ವೈರು ಎಲ್ಲಾ ಇದೆ. ನಾನಂತೂ ಮುಟ್ಟಲ್ಲ.

ಆದರೂ ನಿಜ ಹೇಳುತ್ತೇನೆ, ಮಾಲು ಚೆನ್ನಾಗಿದೆ. ಗೆಳೆಯರೊಬ್ಬರದ್ದು ಹಾಕಿಕೊಂಡು ಗಾಜಿನ ಮನೆ ಹತ್ತಿರ ವಾಕಿಂಗ್ ಹೋಗಿದ್ದೆ. ಕಿವಿಗೆ ಏನೂ ತುರುಕಿಕೊಳ್ಳದೆ ಹಾಡು ಕೇಳುತ್ತಿತ್ತು, ಮಗಳ ಫೋನ್ ಬಂದಾಗ ಕಡ್ಡಿ ಮುಟ್ಟಿ ಮಾತಾಡಿದೆ. ಖುಷಿಯಾಯ್ತು. ರಾತ್ರಿ ಮಲಗುವಾಗಲೂ ಅದೇ ಯೋಚನೆ. ಈಗಲೂ ಆಸೆ ಇದೆ, ಸುಳ್ಳು ಯಾಕೆ ಹೇಳಲಿ?

ಇದರ ತಾಕತ್ತೇ ಅದು. 2013ರಲ್ಲಿ ಗೂಗಲ್ ಗ್ಲಾಸ್ ಅನ್ನುವ ಕ್ಯಾಮರಾ ಕನ್ನಡಕ ಬಂದಾಗ 1,500 ಡಾಲರ್ ಕೊಟ್ಟು ಹಾಕಿಕೊಂಡವರನ್ನು ಅಮೆರಿಕದಲ್ಲೇ ಜನ ಬೈದರು, ಅಂಥವರಿಗೆ 'ಗ್ಲಾಸ್‌ಹೋಲ್' ಅಂತ ಹೆಸರೇ ಇಟ್ಟರು. 2015ಕ್ಕೆ ಆ ಮಾರಾಟ ನಿಂತಿತು. ಅದು ನೋಡಲು ವಿಚಿತ್ರವಾಗಿತ್ತು, ಎದುರಿಗಿದ್ದವರಿಗೆ ತಕ್ಷಣ ಗೊತ್ತಾಗುತ್ತಿತ್ತು. ಈ ಸಲ ಫೇಸ್‌ಬುಕ್‌ನ ಮೆಟಾ ಕಂಪನಿಯವರು ಬುದ್ಧಿವಂತರಾದರು, ಎಸ್ಸಿಲೋರ್‌ಲಕ್ಸೊಟಿಕಾ ಅನ್ನುವ ಕನ್ನಡಕ ಕಂಪನಿ ಜೊತೆ ಸೇರಿದರು. ರೇಬಾನ್ ಅವರದ್ದೇ, ನಾನು ಮಾರುವ ಕ್ರೈಜಾಲ್ ಲೆನ್ಸೂ ಅವರದ್ದೇ. ಕನ್ನಡಕವನ್ನು ಕನ್ನಡಕದ ಹಾಗೆ ಮಾಡುವುದು ಅವರಿಗೆ ಗೊತ್ತು. ಕನ್ನಡಕ ಮಾರಿಯೇ ಹೊಟ್ಟೆ ಹೊರೆಯುವ ನನಗೇ ಪಕ್ಕದಲ್ಲಿ ಕೂತವನ ಮುಖದ ಮೇಲಿದ್ದದ್ದು ಏನು ಅಂತ ಗೊತ್ತಾಗಲಿಲ್ಲ ಅಂದರೆ ನೋಡಿ.

"ರೆಕಾರ್ಡ್ ಆಗುವಾಗ ಲೈಟ್ ಹತ್ತುತ್ತೆ ಅಂಕಲ್, ಕಂಪನಿಯವರು ಅದನ್ನೂ ಯೋಚನೆ ಮಾಡಿದಾರೆ" ಅಂದ ಅದೇ ಹುಡುಗ. ಹೌದಪ್ಪ, ಹತ್ತುತ್ತೆ. ಒಂದು ಮೂಲೆಯಲ್ಲಿ ಕ್ಯಾಮರಾ, ಇನ್ನೊಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಲೈಟು. ಅದನ್ನು ಮುಚ್ಚಿದರೆ ರೆಕಾರ್ಡ್ ಆಗದ ಹಾಗೆ ಮಾಡಿದ್ದಾರೆ, ಅದೂ ಸರಿ. ಆದರೆ ನಾನು ಆಗ ಅಜ್ಜಿಯ ಕಣ್ಣು ನೋಡಬೇಕೋ, ಇವನ ಮುಖದ ಲೈಟು ನೋಡಬೇಕೋ? ಏಪ್ರಿಲ್ ಮಧ್ಯಾಹ್ನ ಪಿಬಿ ರಸ್ತೆಯ ಬಿಸಿಲಲ್ಲಿ ಆ ಲೈಟು ಯಾರ ಕಣ್ಣಿಗೆ ಬೀಳುತ್ತೆ? ಕಂಡರೂ ಅದು ಯಾತಕ್ಕೆ ಅಂತ ದೋಸೆ ಹುಯ್ಯುವ ಅಕ್ಕನಿಗೆ ಯಾರು ಹೇಳಿದ್ದಾರೆ? ಅಮೆರಿಕದಲ್ಲಿ ಒಬ್ಬ 60 ಡಾಲರ್ ತೆಗೆದುಕೊಂಡು ಆ ಲೈಟೇ ಹತ್ತದ ಹಾಗೆ ಮಾಡಿಕೊಡುತ್ತಾನೆ ಅಂತ 2025ರಲ್ಲಿ ಸುದ್ದಿಯಾಗಿತ್ತು. ನಮ್ಮೂರ ಮೊಬೈಲ್ ರಿಪೇರಿ ಹುಡುಗರು ಅಷ್ಟು ದುಡ್ಡೂ ಕೇಳಲ್ಲ ಬಿಡಿ.

2024ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಇದೇ ಕನ್ನಡಕದ ವಿಡಿಯೋವನ್ನು ಮುಖ ಹುಡುಕುವ ವೆಬ್‌ಸೈಟ್‌ಗೆ ಜೋಡಿಸಿ, ರಸ್ತೆಯಲ್ಲಿ ಸಿಕ್ಕ ಅಪರಿಚಿತರ ಹೆಸರು, ವಿಳಾಸ ತೆಗೆದು ತೋರಿಸಿದರು. ಎಚ್ಚರಿಸಲು ಮಾಡಿದ್ದು, ಆ ಪ್ರೋಗ್ರಾಂ ಯಾರಿಗೂ ಕೊಡಲಿಲ್ಲ. ಎಲ್ಲರೂ ಅಷ್ಟು ಒಳ್ಳೆಯವರಿರುತ್ತಾರಾ?

ಈಗ ಕಾಮೆಂಟ್‌ನಲ್ಲಿ ಬರುತ್ತೆ: "ಮೊಬೈಲ್ ಇಲ್ವಾ? ನಿಮ್ಮ ಅಂಗಡಿಯಲ್ಲೇ ಸಿಸಿಟಿವಿ ಇದೆಯಲ್ಲ?" ಇದೆ. ಬಾಗಿಲಲ್ಲೇ ಬೋರ್ಡ್ ಹಾಕಿದ್ದೇನೆ, ಟೆಸ್ಟ್ ಮಾಡುವ ರೂಮಿನಲ್ಲಿ ಇಟ್ಟಿಲ್ಲ. ಮೊಬೈಲ್ ಆದರೆ ಕೈ ಎತ್ತಬೇಕು. ಆ ಕೈ ಎತ್ತುವ ಒಂದು ಗಳಿಗೆ ಇದೆಯಲ್ಲ, ಅದು ಎದುರಿಗಿದ್ದವರದ್ದು. ಮುಖ ತಿರುಗಿಸಬಹುದು, ಸೆರಗು ಸರಿ ಮಾಡಿಕೊಳ್ಳಬಹುದು, "ಬ್ಯಾಡಪ್ಪ" ಅನ್ನಬಹುದು. ಆ ಗಳಿಗೆಯನ್ನೇ ಈ ಕನ್ನಡಕ ನುಂಗಿ ಹಾಕಿದೆ.

ಇನ್ನೊಂದು ಮಾತು, ಇದಕ್ಕೆ ಸ್ವಲ್ಪ ತೂಕ ಇದೆ. ದೃಷ್ಟಿ ಇಲ್ಲದವರಿಗೆ ಇದು ವರ. ಬಿ ಮೈ ಐಸ್ ಅನ್ನುವ ಸೇವೆ ಇದರಲ್ಲಿ ಸಿಗುತ್ತೆ, ದೂರದಲ್ಲಿ ಕೂತ ಒಬ್ಬರು ಇವರ ಕ್ಯಾಮರಾದಲ್ಲಿ ನೋಡಿ ಎದುರಿಗೆ ಏನಿದೆ ಅಂತ ಹೇಳುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಹಾಳಾದವರು ನನ್ನ ಹತ್ತಿರ ಬರುತ್ತಾರೆ, ಯಾವ ಲೆನ್ಸ್ ಹಾಕಿದರೂ ಕಾಣಲ್ಲ, ಅವರನ್ನು ವಾಪಸ್ ಕಳಿಸುವ ಕಷ್ಟ ನನಗೆ ಗೊತ್ತು. ಅವರಿಗೆ ಖಂಡಿತ ಸಿಗಲಿ, ಅರ್ಧ ರೇಟಿಗೆ ಸಿಗಲಿ. ಆದರೆ ನನ್ನ ಅಂಗಡಿಗೆ ಬಂದು ಕ್ಯಾಮರಾ ಕೇಳಿದ ಯಾವ ಹುಡುಗನೂ ಅವರಿಗಾಗಿ ಕೇಳಿಲ್ಲ. ರೀಲ್ಸ್ ಮಾಡಲು ಅವರನ್ನು ಮುಂದೆ ನಿಲ್ಲಿಸಬೇಡಿ.

ಕಾನೂನು ಇದೆಯಲ್ಲ ಅಂತ ವಕೀಲ ಗೆಳೆಯನನ್ನು ಕೇಳಿದೆ. 2023ರ ಡೇಟಾ ರಕ್ಷಣೆ ಕಾಯ್ದೆ ಒಬ್ಬ ವ್ಯಕ್ತಿ ಸ್ವಂತಕ್ಕೆ, ಮನೆಮಟ್ಟಿಗೆ ಇಟ್ಟುಕೊಳ್ಳುವ ಮಾಹಿತಿಗೆ ಅನ್ವಯಿಸಲ್ಲವಂತೆ. ಐಟಿ ಕಾಯ್ದೆಯ 66ಇ ಖಾಸಗಿ ಅಂಗಗಳ ಚಿತ್ರ ತೆಗೆದರೆ ಮಾತ್ರವಂತೆ. ಅಜ್ಜಿಯ ನಾಚಿಕೆ ಯಾವ ಸೆಕ್ಷನ್‌ಗೂ ಸುಲಭವಾಗಿ ಬರಲ್ಲ ಅಂದ. ಚಹಾ ದುಡ್ಡು ನಾನೇ ಕೊಟ್ಟೆ.

ನಾನು ಮಾಡುವ ಕೆಲಸ ಎಂಥದ್ದು ಹೇಳಿ. ಪಿಡಿ, ಅಂದರೆ ಎರಡು ಕಣ್ಣುಪಾಪೆಗಳ ನಡುವಿನ ದೂರ, ಅಳೆಯುವಾಗ ಎದುರಿಗಿರುವವರ ಮುಖಕ್ಕೆ ಗೇಣು ದೂರದಲ್ಲಿ ನಿಲ್ಲುತ್ತೇನೆ. ಕನ್ನಡಕ ತೆಗೆದ ಮುಖ ಯಾರದ್ದಾದರೂ ಸ್ವಲ್ಪ ಹೆದರಿದ ಮುಖವೇ. ಎಂಥಾ ದೊಡ್ಡ ಸಾಹುಕಾರನೂ ಆ ಕುರ್ಚಿಯಲ್ಲಿ "ಸರಿಯಾಗಿ ಹೇಳಿದ್ನಾ?" ಅಂತ ಮಕ್ಕಳ ಹಾಗೆ ಕೇಳುತ್ತಾನೆ. ಅದನ್ನು ನಾನು ಹೆಂಡತಿ ಹತ್ತಿರವೂ ಹೇಳಿ ನಗುವುದಿಲ್ಲ.

ಆ ಹುಡುಗ ವಿಡಿಯೋವನ್ನು ಮಧ್ಯಾಹ್ನ ಡಿಲೀಟ್ ಮಾಡಿದ್ದಾನೆ, ಅಷ್ಟರಲ್ಲಿ ಊರೆಲ್ಲಾ ನೋಡಿಯಾಗಿದೆ.

ಬೋರ್ಡ್ ಬರೆಸಲು ಕೊಟ್ಟಿದ್ದೇನೆ: "ಕ್ಯಾಮರಾ ಕನ್ನಡಕ ತೆಗೆದು ಕೌಂಟರ್‌ನಲ್ಲಿ ಇಡಿ." ಅದಕ್ಕೆ ಪವರ್ ಲೆನ್ಸ್ ಹಾಕಿಸಿಕೊಂಡವರು ತೆಗೆದರೆ ಬಾಗಿಲೇ ಕಾಣಲ್ಲ ಅಲ್ವಾ ಅಂತ ಅಂಗಡಿ ಹುಡುಗ ಕೇಳಿದ. ಅಂಥವರಿಗೆ ಟೆಸ್ಟ್ ಮಾಡುವ ಗುಂಡನೆಯ ಟ್ರಯಲ್ ಫ್ರೇಮ್‌ಗೆ ಅವರ ಪವರ್ ಹಾಕಿ, ಮೂಗಿನ ಮೇಲೆ ಕೂರಿಸಿ, ಬೆಂಚಿನ ಮೇಲೆ ಕೂರಿಸೋದು ಅಂತ ತೀರ್ಮಾನ ಆಗಿದೆ.