ತಿಂದದ್ದೆಲ್ಲ ಮೈಗೆ ಹತ್ತಲ್ಲ

ವಿಟಮಿನ್ ಡಬ್ಬಿ ಕೈಗೆತ್ತಿಕೊಂಡರೆ ನಾವು ಮೊದಲು ನೋಡುವುದು ಎಷ್ಟು ಮಿಲಿಗ್ರಾಂ ಇದೆ ಅಂತ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ. ಆದರೆ ಆ ಲೆಕ್ಕ ನಡೆಯುವುದು ಬಾಯಿಯವರೆಗೆ ಮಾತ್ರ. ಅದರಲ್ಲಿ ಎಷ್ಟು ರಕ್ತ ಸೇರುತ್ತದೆ ಅನ್ನುವುದು ಸಣ್ಣ ಕರುಳಿಗೆ ಬಿಟ್ಟದ್ದು. ಊಟದ ಬಗ್ಗೆ ಇಷ್ಟೆಲ್ಲ ಮಾತಾಡುವ ನಾವು ಇದೊಂದನ್ನು ಮರೆಯುತ್ತೇವೆ ಅನ್ನುವುದೇ ನನ್ನ ತಕರಾರು.

ಕೊಬ್ಬನ್ನೇ ನೋಡಿ. ಅದು ನೀರಿನಲ್ಲಿ ಕರಗಲ್ಲ. ಕರುಳಿನೊಳಗೆ ಇರುವುದೋ ಬಹುಪಾಲು ನೀರೇ. ಹಾಗಾಗಿ ಕೊಬ್ಬು ಬಂತು ಅಂತ ಗೊತ್ತಾದ ಕೂಡಲೇ ಕರುಳಿನ ಗೋಡೆ ಒಂದು ಹಾರ್ಮೋನ್ ಬಿಡುತ್ತದೆ. ಅದು ತಲುಪಿದರೆ ಪಿತ್ತಕೋಶ ತನ್ನನ್ನು ತಾನೇ ಹಿಂಡಿಕೊಂಡು ಪಿತ್ತರಸ ಸುರಿಸುತ್ತದೆ. ಸೋಪು ಪಾತ್ರೆಯ ಜಿಡ್ಡು ಬಿಡಿಸುವ ಹಾಗೆ ಪಿತ್ತರಸ ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಆಮೇಲೆ ಮೇದೋಜೀರಕದಿಂದ ಬಂದ ಲೈಪೇಸ್ ಅನ್ನುವ ಕಿಣ್ವ ಅದನ್ನು ಕತ್ತರಿಸುತ್ತದೆ. ಆ ತುಣುಕುಗಳು ಕರುಳಿನ ಜೀವಕೋಶದೊಳಗೆ ಹೋಗಿ ಮತ್ತೆ ಒಂದಾಗಿ ಕೊಬ್ಬಾಗುತ್ತವೆ! ಸಕ್ಕರೆ, ಪ್ರೋಟೀನಿನ ತುಣುಕುಗಳು ನೇರ ಲಿವರ್‌ಗೆ ಹೋದರೆ, ಹೆಚ್ಚಿನ ಕೊಬ್ಬು ದುಗ್ಧರಸ (ಲಿಂಫ್) ಹರಿಯುವ ದುಗ್ಧನಾಳದ ದಾರಿ ಹಿಡಿಯುತ್ತದೆ. ಎದೆಯೊಳಗೆ ಮೇಲೇರಿ ಕುತ್ತಿಗೆಯ ಬುಡದ ಎಡಭಾಗದಲ್ಲಿ ರಕ್ತ ಸೇರುತ್ತದೆ. ಪಿತ್ತರಸದಲ್ಲಿದ್ದು ಕೊಬ್ಬು ಒಡೆಯುವ ಕೆಲಸ ಮುಗಿಸಿದ ಪಿತ್ತಲವಣಗಳೂ ಪೋಲಾಗಲ್ಲ. ಸುಮಾರು ಶೇಕಡ 95ರಷ್ಟನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿ ಲಿವರ್‌ಗೆ ವಾಪಸ್ ಕಳಿಸುತ್ತದೆ. ಎಷ್ಟು ಸಲ ಓದಿದರೂ ನನಗೆ ಇದು ಬೆರಗು.

ವಿಟಮಿನ್ ಎ, ಡಿ, ಇ, ಕೆ ಹೋಗುವುದೂ ಇದೇ ದಾರಿಯಲ್ಲಿ, ಕೊಬ್ಬಿನ ಜೊತೆಯಲ್ಲೇ. ಎಣ್ಣೆ, ಜಿಡ್ಡು ಪೂರ್ತಿ ಬಿಟ್ಟು ಬರೀ ಹಸಿ ಕ್ಯಾರೆಟ್ ತಿನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅದರಲ್ಲಿರುವ ಬೀಟಾ ಕ್ಯಾರೋಟಿನ್ ಚೆನ್ನಾಗಿ ಒಳಗೆ ಹೋಗಲು ಸ್ವಲ್ಪ ಕೊಬ್ಬು ಬೇಕೇ ಬೇಕು. ಜಾಸ್ತಿ ಬೇಡ, ಒಂದಿಷ್ಟು ಸಾಕು. ಕೊಬ್ಬನ್ನು ಶತ್ರು ಮಾಡಿಕೊಂಡದ್ದು ನಮ್ಮ ಕಾಲದ ದೊಡ್ಡ ತಪ್ಪು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಕಬ್ಬಿಣದ ವಿಷಯದಲ್ಲಿ ದೇಹ ಇನ್ನೂ ಬಿಗಿ. ಒಳಗೆ ಬಂದ ಕಬ್ಬಿಣವನ್ನು ಬೇಕೆಂದಾಗ ಹೊರಹಾಕುವ ವ್ಯವಸ್ಥೆ ಅದಕ್ಕಿಲ್ಲ. ಅದಕ್ಕೇ ಬಾಗಿಲಲ್ಲೇ ಕಾವಲು. ಲಿವರ್ ತಯಾರಿಸುವ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಈ ಬಾಗಿಲನ್ನು ಬಿಗಿ ಮಾಡುತ್ತದೆ. ಆರೋಗ್ಯವಂತರು ದಿನಕ್ಕೆ ಹೀರಿಕೊಳ್ಳುವುದು ಬರೀ 1ರಿಂದ 2 ಮಿಲಿಗ್ರಾಂ. ಒಂದು ದೊಡ್ಡ ಡೋಸ್ ಮಾತ್ರೆ ನುಂಗಿದರೆ ಹೆಪ್ಸಿಡಿನ್ ಏರಿ ಮರುದಿನದ ಮಾತ್ರೆ ಕಡಿಮೆ ಹತ್ತಬಹುದು. ಕೆಲವು ವೈದ್ಯರು ದಿನ ಬಿಟ್ಟು ದಿನ ಕೊಡುವುದು ಇದಕ್ಕೇ. ಸೊಪ್ಪು, ಕಾಳಿನ ಕಬ್ಬಿಣ ಮಾಂಸದಲ್ಲಿರುವಷ್ಟು ಸಲೀಸಾಗಿ ಒಳಗೆ ಹೋಗಲ್ಲ. ವಿಟಮಿನ್ ಸಿ ಜೊತೆಗಿದ್ದರೆ ಹೆಚ್ಚು ಹೋಗುತ್ತದೆ, ಊಟದ ಜೊತೆ ಚಹಾ ಕುಡಿದರೆ ಕಡಿಮೆಯಾಗುತ್ತದೆ.

ಕ್ಯಾಲ್ಸಿಯಂ ಚೆನ್ನಾಗಿ ಹತ್ತಲು ವಿಟಮಿನ್ ಡಿ ಬೇಕು. ಒಂದೇ ಸಲಕ್ಕೆ 500 ಮಿಲಿಗ್ರಾಂ ದಾಟಿದರೆ ಹೀರುವ ಪ್ರಮಾಣ ಇಳಿಯುತ್ತದೆ. ಬಿ12ಕ್ಕಂತೂ ಹೊಟ್ಟೆಯಲ್ಲಿ ತಯಾರಾಗುವ ಒಂದು ಪ್ರೋಟೀನ್ ಜೊತೆಗಾರನಾಗಿ ಸಣ್ಣ ಕರುಳಿನ ಕೊನೆಯವರೆಗೂ ಬರಬೇಕು.

ಹೀಗಿರುವಾಗ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಸುಮ್ನೆ ಡೋಸ್ ಏರಿಸುವುದು ಸರಿಯಲ್ಲ ಅಲ್ವಾ? ರಕ್ತ ಎಲ್ಲಾದರೂ ಸೋರುತ್ತಿದೆಯಾ ನೋಡಬೇಕು. ಮಾತ್ರೆಯನ್ನು ಚಹಾದ ಜೊತೆಗೋ ಕ್ಯಾಲ್ಸಿಯಂ ಜೊತೆಗೋ ತಗೊಳ್ತಿದ್ದೀರಾ, ಅಸಿಡಿಟಿ ಮಾತ್ರೆ ವರ್ಷಗಳಿಂದ ನಡೀತಿದೆಯಾ, ಗೋಧಿಯ ಗ್ಲುಟೆನ್‌ನಿಂದ ಕರುಳಿನ ಒಳಪದರ ಸವೆಯುವ ಸೀಲಿಯಾಕ್ ಕಾಯಿಲೆ ಇದೆಯಾ, ಇಷ್ಟನ್ನೂ ವೈದ್ಯರು ಕೇಳಬೇಕು. ಅವರು ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ.