ಅತಿ ದೊಡ್ಡ ಸರೋವರಗಳ ಪದವಿಪ್ರದಾನ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪ್ರಶ್ನೆ ತೆಗೆಯುವವರ ಕೈಯನ್ನು ಭಾರತದ ಸರೋವರಗಳು ಎಂದೂ ಬಿಟ್ಟಿಲ್ಲ. ಅತಿ ಉದ್ದದ್ದು ವೆಂಬನಾಡು, ಕಡಲಂಚಿನ ಉಪ್ಪುನೀರಿನಲ್ಲಿ ಅತಿ ದೊಡ್ಡದು ಚಿಲಿಕಾ, ಒಳನಾಡಿನ ಉಪ್ಪುನೀರಿನಲ್ಲಿ ಸಾಂಭರ್, ಸಿಹಿನೀರಿನಲ್ಲಿ ವುಲಾರ್, ಈಶಾನ್ಯಕ್ಕಷ್ಟೇ ಸೀಮಿತಗೊಳಿಸಿದರೆ ಲೋಕ್ತಕ್. ಯಾವ ಮಗುವೂ ಬರಿಗೈಯಲ್ಲಿ ಮನೆಗೆ ಹೋಗಬಾರದೆಂದು ಬಹುಮಾನಗಳನ್ನೇ ಹೆಚ್ಚಿಸಿಕೊಂಡ ಶಾಲಾ ವಾರ್ಷಿಕೋತ್ಸವ ಇದು. ಕರ್ನಾಟಕದ ಸೂಳೆಕೆರೆಗೂ ‘ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ’ ಎಂಬ ಬಿರುದಿದ್ದು, ಮೊದಲನೆಯದು ಯಾವುದೆಂದು ಕೇಳುವ ಅವಿವೇಕವನ್ನು ಯಾರೂ ಮಾಡುವುದಿಲ್ಲ.

ತೊಡಕಿರುವುದು ನೀರಿನಲ್ಲಿ. ಮಳೆಗಾಲದಲ್ಲಿ ಸುಮಾರು 1,165 ಚದರ ಕಿ.ಮೀ. ಹರಡಿಕೊಳ್ಳುವ ಚಿಲಿಕಾ ಬೇಸಿಗೆಯಲ್ಲಿ ಸುಮಾರು 906ಕ್ಕೆ ಇಳಿಯುತ್ತದೆ. ಆದರೆ ಸರಿಯುತ್ತರದ ಪಟ್ಟಿಯಲ್ಲಿ ಜಾಗವಿರುವುದು ಒಂದೇ ಅಂಕಿಗೆ, ಆದ್ದರಿಂದ ಪರೀಕ್ಷೆ ಯಾವ ತಿಂಗಳಲ್ಲಿ ನಡೆದರೂ ಸರೋವರ ಅದೇ ಅಳತೆಯಲ್ಲಿ ಹಾಜರಿರತಕ್ಕದ್ದು.

ವುಲಾರ್‌ನ ನಿಷ್ಠೆಯನ್ನು ಮೆಚ್ಚಬೇಕು. 1911ರಲ್ಲಿ ಸುಮಾರು 158 ಚದರ ಕಿ.ಮೀ. ಇದ್ದ ಕಾಶ್ಮೀರದ ಈ ಸರೋವರ 2007ರ ಹೊತ್ತಿಗೆ ಸುಮಾರು 87ಕ್ಕೆ ಕುಗ್ಗಿದರೂ ತನ್ನ ಪದವಿಯಿಂದ ಒಂದಂಗುಲವೂ ಕೆಳಗಿಳಿದಿಲ್ಲ. ಸರ್ಕಾರವೇ ಅದರ ಅಂಗಳದಲ್ಲಿ ವಿಲ್ಲೋ ಗಿಡಗಳನ್ನು ನೆಡಿಸಿತು. ಅವು ಮರಗಳಾಗಿ ಬೇರುಗಳ ನಡುವೆ ಹೂಳು ಹಿಡಿದುಕೊಂಡು ನೀರನ್ನು ಹೊರದೂಡಿದ ಮೇಲೆ, ಅವೇ ಮರಗಳನ್ನು ಲಕ್ಷಗಟ್ಟಲೆ ಕಡಿಸುವ ಯೋಜನೆಯನ್ನೂ ಸರ್ಕಾರವೇ ರೂಪಿಸಿತು. ನೆಡುವುದೂ ಅಭಿವೃದ್ಧಿ, ಕಡಿಯುವುದೂ ಪುನರುಜ್ಜೀವನ ಎಂದಾದ ಮೇಲೆ ಎರಡಕ್ಕೂ ಬಿಲ್ಲು ಪಾಸಾಗುವುದು ನ್ಯಾಯವೇ ಸರಿ.

ಲೋಕ್ತಕ್‌ನಲ್ಲಿ ಅಳತೆಗಾರನ ಪಾಡು ಬೇರೆ. ಮಣಿಪುರದ ಈ ಸರೋವರದಲ್ಲಿ ಕೊಳೆತ ಗಿಡಗಂಟಿ, ಬೇರು, ಮಣ್ಣು ಹೆಣೆದುಕೊಂಡ ‘ಫುಮ್ಡಿ’ಗಳು ಬಹುಪಾಲು ದಪ್ಪವನ್ನು ನೀರಿನೊಳಗೇ ಮುಳುಗಿಸಿಕೊಂಡು ತೇಲುತ್ತವೆ, ಮೀನುಗಾರರು ಅವುಗಳ ಮೇಲೆ ಗುಡಿಸಲು ಕಟ್ಟಿದ್ದಾರೆ, ಬಹುಮಟ್ಟಿಗೆ ಅವುಗಳಿಂದಲೇ ಆದ ಕೈಬುಲ್ ಲಾಮ್ಜಾವೊ ರಾಷ್ಟ್ರೀಯ ಉದ್ಯಾನದಲ್ಲಿ ಸಂಗಾಯಿ ಜಿಂಕೆ ಓಡಾಡುತ್ತದೆ. ಜಿಂಕೆಯ ಗೊರಸಿನ ಕೆಳಗಿರುವುದು ನೆಲವೋ ಸರೋವರವೋ? ಹಿಂದೆ ಬೇಸಿಗೆಯಲ್ಲಿ ನೀರಿಳಿದಾಗ ಈ ಫುಮ್ಡಿಗಳು ತಳಕ್ಕೆ ತಾಗಿ ಪೋಷಕಾಂಶ ಹೀರಿಕೊಳ್ಳುತ್ತಿದ್ದವು. 1983ರಲ್ಲಿ ಇಥಾಯಿ ಬ್ಯಾರೇಜು ಬಂದು ವರ್ಷವಿಡೀ ನೀರು ಎತ್ತರದಲ್ಲೇ ನಿಂತದ್ದರಿಂದ ಆ ಊಟ ತಪ್ಪಿ ಅವು ತೆಳುವಾಗತೊಡಗಿದವು. ವಿಸ್ತೀರ್ಣದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ದೂರುವಂಥದ್ದೇನೂ ಇಲ್ಲ.

ಆದರೆ ಕಾಗದದ ಮೇಲೆ ಸರೋವರ ಅಳೆಯುವ ಈ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದದ್ದು ಆಂಧ್ರದ ಕೊಲ್ಲೇರು ಸರೋವರ. ಕೃಷ್ಣಾ, ಗೋದಾವರಿ ಮುಖಜಭೂಮಿಗಳ ನಡುವಿನ ಈ ತಗ್ಗಿನಲ್ಲಿ ನೀರು ಒಂದೆರಡು ಅಡಿ ಏರಿದರೆ ನೂರಾರು ಚದರ ಕಿ.ಮೀ. ಹೆಚ್ಚುತ್ತದೆ. ಐದು ಅಡಿ ಸಮೋನ್ನತಿ ರೇಖೆಯವರೆಗಿನ, ಎಂದರೆ ಸಮುದ್ರಮಟ್ಟದಿಂದ ಐದು ಅಡಿ ಎತ್ತರದ ಜಾಗಗಳನ್ನು ಸೇರಿಸುವ ಗೆರೆಯವರೆಗಿನ, 308 ಚದರ ಕಿ.ಮೀ.ಯನ್ನು 1999ರಲ್ಲಿ ಅಭಯಾರಣ್ಯವೆಂದು ಘೋಷಿಸಲಾಯಿತು. ಅದರೊಳಗೆ ಮೀನಿನ ಹೊಂಡಗಳು ತುಂಬಿಕೊಂಡವು. 2006ರಲ್ಲಿ ಅವುಗಳ ಏರಿಗಳನ್ನು ಒಡೆಯಲಾಯಿತು. 2008ರಲ್ಲಿ ಆಂಧ್ರದ ವಿಧಾನಸಭೆಯು ಗಡಿಯನ್ನು ಮೂರು ಅಡಿಗೆ ಇಳಿಸಬೇಕೆಂದು ನಿರ್ಣಯ ಅಂಗೀಕರಿಸಿತು. ಕೈ ಎತ್ತಿ ಸರೋವರದ ಮಟ್ಟ ಇಳಿಸಬಹುದೆಂಬುದು ಜಲಶಾಸ್ತ್ರಕ್ಕೆ ಹೊಸ ಸಂಗತಿ. ನಿರ್ಣಯದ ಒಂದು ಪ್ರತಿಯನ್ನು ಪ್ರವಾಹ ಹೊತ್ತು ತರುವ ಬುಡಮೇರು, ತಮ್ಮಿಲೇರು ಹೊಳೆಗಳಿಗೂ ಜಾರಿ ಮಾಡಿದ್ದರೆ ಕ್ರಮಬದ್ಧವಾಗುತ್ತಿತ್ತು.